ನೋಡ್ ಸರ್ವರ್‌ಗೆ ಓಪನ್‌ಟೆಲಿಮೆಟ್ರಿ: ಟ್ರೇಸ್ ಬೇಗ ಬರುತ್ತದೆ, ಕೊಂಡಿ ಸದ್ದಿಲ್ಲದೆ ಕಳಚುತ್ತದೆ

ನೋಡ್ ಜೆಎಸ್‌ನಲ್ಲಿ ಬರೆದ ಸರ್ವರ್‌ಗೆ ಡಿಸ್ಟ್ರಿಬ್ಯೂಟೆಡ್ ಟ್ರೇಸಿಂಗ್ (ಒಂದು ರಿಕ್ವೆಸ್ಟ್ ಯಾವ ಯಾವ ಸರ್ವಿಸ್ ದಾಟಿ ಎಲ್ಲೆಲ್ಲಿ ಎಷ್ಟು ಹೊತ್ತು ಕಳೆಯಿತೆಂದು ದಾಖಲಿಸುವುದು) ಸೇರಿಸಲು ಹೊರಟವರು ಓಪನ್‌ಟೆಲಿಮೆಟ್ರಿಯನ್ನು ಧಾರಾಳವಾಗಿ ಬಳಸಬಹುದು. ಆದರೆ ಮೊದಲ ಟ್ರೇಸ್, ಅಂದರೆ ಒಂದು ರಿಕ್ವೆಸ್ಟಿನ ಪೂರ್ತಿ ದಾಖಲೆ, ಕಂಡ ಕೂಡಲೇ ಕೆಲಸ ಮುಗಿಯಿತೆಂದು ಎದ್ದು ಹೋಗಬಾರದು. ಇದರ ದೊಡ್ಡ ಕೊರತೆ ಒಂದೇ: ತಪ್ಪಿದರೆ ಸದ್ದಿಲ್ಲದೆ ತಪ್ಪುತ್ತದೆ. ಎರರ್ ಬರುವುದಿಲ್ಲ, ಸರ್ವರ್ ನಿಲ್ಲುವುದಿಲ್ಲ, ಬರಬೇಕಾದ ಸ್ಪ್ಯಾನ್ (ಟ್ರೇಸಿನೊಳಗಿನ ಒಂದೊಂದು ಕೆಲಸದ ದಾಖಲೆ) ಮಾತ್ರ ಕಾಣೆ.

ಓಪನ್‌ಟ್ರೇಸಿಂಗ್ ಮತ್ತು ಓಪನ್‌ಸೆನ್ಸಸ್ ಎಂಬ ಎರಡು ಯೋಜನೆಗಳು 2019ರಲ್ಲಿ ಒಂದಾಗಿ ಹುಟ್ಟಿದ್ದು ಇದು. ಯಾವ ಕಂಪನಿಯ ಸೇವೆಗೂ ಕಟ್ಟುಬಿದ್ದಿಲ್ಲ. ಇವತ್ತು ಯೇಗರ್ ಎಂಬ ಟ್ರೇಸ್ ನೋಡುವ ಸಾಧನಕ್ಕೆ ಕಳಿಸುವ ಟ್ರೇಸನ್ನು ನಾಳೆ ಹಣ ಕೊಟ್ಟು ಕೊಳ್ಳುವ ಬೇರೊಂದು ಸೇವೆಗೆ ಕಳಿಸಬೇಕಾದರೆ ಸಾಮಾನ್ಯವಾಗಿ ವಿಳಾಸ, ಕೀ ಬದಲಿಸಿದರೆ ಸಾಕು. ಕೋಡ್ ಮುಟ್ಟಬೇಕಿಲ್ಲ. ಇದನ್ನೇ ಆರಿಸಿಕೊಳ್ಳಲು ಇದೊಂದೇ ಕಾರಣ ಸಾಕು.

ಶುರು ಮಾಡುವುದು ನಿಜಕ್ಕೂ ಸುಲಭ. ಯೇಗರ್‌ನ ಕಂಟೇನರ್ ಒಂದನ್ನು ಓಡಿಸಿ, 4318 ಮತ್ತು 16686 ಪೋರ್ಟ್ ತೆರೆಯಿರಿ. ಮೊದಲನೆಯದು ಟ್ರೇಸ್ ಬಂದು ಸೇರುವ ಜಾಗ, ಎರಡನೆಯದು ಬ್ರೌಸರ್‌ನಲ್ಲಿ ನೋಡುವ ಜಾಗ. ಆಮೇಲೆ ನಿಮ್ಮ ಪ್ರಾಜೆಕ್ಟ್‌ಗೆ ಓಪನ್‌ಟೆಲಿಮೆಟ್ರಿಯ ಎಪಿಐ ಪ್ಯಾಕೇಜ್ ಮತ್ತು ನೋಡ್‌ನ ಆಟೋ ಇನ್‌ಸ್ಟ್ರುಮೆಂಟೇಶನ್ ಪ್ಯಾಕೇಜ್ (ಲೈಬ್ರರಿಗಳಿಗೆ ತಾನಾಗಿಯೇ ಟ್ರೇಸಿಂಗ್ ಜೋಡಿಸುವಂಥದ್ದು) ಹಾಕಿ, ಎನ್ವಿರಾನ್‌ಮೆಂಟ್ ವೇರಿಯಬಲ್‌ನಲ್ಲಿ ಸರ್ವಿಸ್ ಹೆಸರು ಕೊಟ್ಟು, ನೋಡ್ ಕಮಾಂಡಿಗೆ ರಿಕ್ವೈರ್ ಫ್ಲ್ಯಾಗ್ ಮೂಲಕ ಆ ಪ್ಯಾಕೇಜಿನ ರಿಜಿಸ್ಟರ್ ಫೈಲನ್ನು ಸೇರಿಸಿ. ಹೆಸರು ಕೊಡುವುದನ್ನು ಮರೆತರೆ ಎಲ್ಲ ಸರ್ವಿಸ್‌ಗಳೂ 'ಅನ್‌ನೋನ್ ಸರ್ವಿಸ್' ಎಂಬ ಒಂದೇ ಗುಡ್ಡೆಗೆ ಬೀಳುತ್ತವೆ. ನಿಮ್ಮ ಆ್ಯಪ್ ಕೂಡ ಕಂಟೇನರ್ ಒಳಗಿದ್ದರೆ ಲೋಕಲ್‌ಹೋಸ್ಟ್ ಎಂದರೆ ಅದೇ ಕಂಟೇನರ್; ಅಲ್ಲಿ ಯೇಗರ್ ಇರುವುದಿಲ್ಲ. ಡಾಕರ್ ಕಾಂಪೋಸ್ ಫೈಲಿನಲ್ಲಿ ಯೇಗರ್‌ಗೆ ಇಟ್ಟ ಹೆಸರನ್ನೇ ಟ್ರೇಸ್ ಕಳಿಸುವ ವಿಳಾಸದಲ್ಲಿ ಬರೆಯಬೇಕು.

ಸಿಗುವ ಫಲ ಹೇಗಿರುತ್ತದೆ ಅಂದರೆ, ಉದಾಹರಣೆಗೆ ಆರ್ಡರ್ ಪಟ್ಟಿ ತೋರಿಸುವ ರಿಕ್ವೆಸ್ಟ್ 1,600 ಮಿಲಿಸೆಕೆಂಡ್ ತಿನ್ನುತ್ತಿದೆ ಎಂದಿಟ್ಟುಕೊಳ್ಳಿ. ಲಾಗ್‌ನಲ್ಲಿ ಆ ಒಂದು ಅಂಕಿ ಬಿಟ್ಟರೆ ಏನೂ ಇಲ್ಲ. ಯೇಗರ್‌ನಲ್ಲಿ ಅದೇ ರಿಕ್ವೆಸ್ಟ್ ತೆರೆದರೆ, ಪೋಸ್ಟ್‌ಗ್ರೆಸ್‌ನ 38 ಸಣ್ಣ ಸ್ಪ್ಯಾನ್‌ಗಳು ಮೆಟ್ಟಿಲಿನಂತೆ ಒಂದರ ಕೆಳಗೊಂದು ಇಳಿದಿರುತ್ತವೆ, ತಲಾ 30 ಮಿಲಿಸೆಕೆಂಡ್. ಒಂದು ಮುಗಿದ ಮೇಲೆ ಇನ್ನೊಂದು. ಪ್ರತಿ ಆರ್ಡರ್‌ಗೂ ಲೂಪ್ ಒಳಗಿಂದ ಬೇರೆ ಬೇರೆ ಕ್ವೆರಿ ಹೋಗುತ್ತಿದೆ ಎನ್ನುವುದು ಕೋಡ್ ಓದದೆಯೇ ಗೊತ್ತಾಗುತ್ತದೆ. 1,140 ಮಿಲಿಸೆಕೆಂಡ್ ಹೋದದ್ದು ಅಲ್ಲೇ. ಇಂಡೆಕ್ಸ್ ಹಾಕುವುದರಿಂದ ಇದು ಸರಿಹೋಗದು, ಒಂದೇ ಕ್ವೆರಿಯಲ್ಲಿ ತರಬೇಕು.

ಇನ್ನು ತೊಂದರೆಗಳ ವಿಷಯ. ಮೊದಲನೆಯದು ಲೋಡ್ ಆಗುವ ಕ್ರಮ. ಎಕ್ಸ್‌ಪ್ರೆಸ್, ಪೋಸ್ಟ್‌ಗ್ರೆಸ್ ಡ್ರೈವರ್ ಮುಂತಾದವು ಮೆಮೊರಿಗೆ ಬರುವ ಕ್ಷಣದಲ್ಲೇ ಓಪನ್‌ಟೆಲಿಮೆಟ್ರಿ ಅವುಗಳ ಫಂಕ್ಷನ್‌ಗಳಿಗೆ ತನ್ನ ಹೊದಿಕೆ ಹಾಕುತ್ತದೆ. ಅವು ಮೊದಲೇ ಬಂದು ಕೂತಿದ್ದರೆ ಹೊದಿಕೆ ಹಾಕಲು ಅವಕಾಶವೇ ಇಲ್ಲ. ಎಂಟ್ರಿ ಫೈಲಿನ ಮೊದಲ ಸಾಲಲ್ಲೇ ಟ್ರೇಸಿಂಗ್ ಶುರು ಮಾಡಿದ್ದೇವಲ್ಲ ಎಂದರೂ ಕೆಲವೊಮ್ಮೆ ಸಾಲದು: ಇಎಸ್ ಮಾಡ್ಯೂಲ್‌ನಲ್ಲಿ ಇಂಪೋರ್ಟ್ ಸಾಲುಗಳು ಎಲ್ಲಿದ್ದರೂ ಉಳಿದ ಕೋಡಿಗಿಂತ ಮೊದಲು ಓಡುತ್ತವೆ. ಆದ್ದರಿಂದ ಟ್ರೇಸಿಂಗ್ ಬೇರೆ ಫೈಲಿನಲ್ಲೇ ಇರಬೇಕು, ಕಮಾಂಡಿನ ಫ್ಲ್ಯಾಗ್ ಮೂಲಕವೇ ಬರಬೇಕು. ಇಎಸ್ ಮಾಡ್ಯೂಲ್ ಪ್ರಾಜೆಕ್ಟ್ ಆದರೆ ರಿಕ್ವೈರ್ ಫ್ಲ್ಯಾಗ್ ಒಂದರಿಂದ ಆಗುವುದಿಲ್ಲ, ಓಪನ್‌ಟೆಲಿಮೆಟ್ರಿಯ ಲೋಡರ್ ಹುಕ್ ಕೂಡ ಸೇರಿಸಬೇಕು. ಟೈಪ್‌ಸ್ಕ್ರಿಪ್ಟ್‌ನವರು ತಾವು ಬರೆದ ಇಂಪೋರ್ಟ್ ನೋಡಿ ತೀರ್ಮಾನಿಸಬೇಡಿ. ಕಂಪೈಲ್ ಆಗಿ ಹೊರಬಂದ ಫೈಲಿನಲ್ಲಿ ರಿಕ್ವೈರ್ ಇದೆಯೋ ಇಂಪೋರ್ಟ್ ಇದೆಯೋ ಎನ್ನುವುದೇ ಲೆಕ್ಕಕ್ಕೆ ಬರುವುದು. ಇಎಸ್‌ಬಿಲ್ಡ್ ಅಥವಾ ವೆಬ್‌ಪ್ಯಾಕ್‌ನಿಂದ ಎಲ್ಲವನ್ನೂ ಒಂದೇ ಫೈಲಿಗೆ ಕಟ್ಟಿದ್ದರೆ ಲೋಡ್ ಆಗುವ ಆ ಕ್ಷಣವೇ ಇರುವುದಿಲ್ಲ. ಆ ಲೈಬ್ರರಿಗಳನ್ನು ಎಕ್ಸ್‌ಟರ್ನಲ್ ಎಂದು ಗುರುತಿಸಿ ಬಂಡಲ್‌ನಿಂದ ಹೊರಗಿಡಿ.

ಎರಡನೆಯದು ಸರ್ವಿಸ್‌ಗಳ ನಡುವಿನ ಕೊಂಡಿ. ಒಂದು ಸರ್ವಿಸ್ ಇನ್ನೊಂದನ್ನು ಕರೆಯುವಾಗ ಟ್ರೇಸ್‌ಪೇರೆಂಟ್ ಎಂಬ ಹೆಡರ್ ಜೊತೆಗೆ ಹೋಗುತ್ತದೆ: ಮೊದಲು 00 ಎಂಬ ಆವೃತ್ತಿ, ಆಮೇಲೆ 32 ಅಕ್ಷರದ ಟ್ರೇಸ್ ಐಡಿ, 16 ಅಕ್ಷರದ ಸ್ಪ್ಯಾನ್ ಐಡಿ, ಕೊನೆಗೆ ಸ್ಯಾಂಪಲ್ ಆಗಿದೆಯೇ, ಅಂದರೆ ಉಳಿಸಲು ಆಯ್ಕೆಯಾಗಿದೆಯೇ, ಎಂದು ಹೇಳುವ 01 ಅಥವಾ 00. ಈ ಹೆಡರ್ ಬಿದ್ದುಹೋದರೆ ಒಂದು ಟ್ರೇಸ್ ಎರಡು ತುಂಡು. ಹೆಚ್ಚಾಗಿ ಬೀಳುವುದು ನೋಡ್‌ನ ಒಳಗೇ ಇರುವ ಫೆಚ್‌ನಲ್ಲಿ. ಅದು ಹಳೆಯ ಎಚ್‌ಟಿಟಿಪಿ ಮಾಡ್ಯೂಲ್ ದಾರಿಯಲ್ಲಿ ಹೋಗುವುದಿಲ್ಲ, ಅಂಡಿಸಿ ಎಂಬ ಬೇರೆ ಎಚ್‌ಟಿಟಿಪಿ ಲೈಬ್ರರಿಯ ದಾರಿಯಲ್ಲಿ ಹೋಗುತ್ತದೆ. ಎಚ್‌ಟಿಟಿಪಿ ಇನ್‌ಸ್ಟ್ರುಮೆಂಟೇಶನ್ ಒಂದನ್ನೇ ಆರಿಸಿ ಹಾಕಿಕೊಂಡವರು ಅಂಡಿಸಿಯದನ್ನೂ ಸೇರಿಸಲೇಬೇಕು.

ರೆಡಿಸ್ ಮೇಲೆ ನೀವೇ ಕಟ್ಟಿದ ಜಾಬ್ ಕ್ಯೂ ಇದ್ದರೆ ಅಲ್ಲಿಯೂ ಕೊಂಡಿ ಕಳಚುತ್ತದೆ. ಜಾಬ್ ಹಾಕುವ ಕಡೆ ಪ್ರೊಪಗೇಶನ್ ಎಪಿಐನ ಇಂಜೆಕ್ಟ್ ಕರೆದು ಆ ಹೆಡರನ್ನು ಜಾಬ್ ಡೇಟಾದಲ್ಲೇ ಇಡಿ, ವರ್ಕರ್ ಕಡೆ ಎಕ್ಸ್‌ಟ್ರಾಕ್ಟ್ ಮಾಡಿ ಆ ಕಾಂಟೆಕ್ಸ್ಟ್ ಒಳಗೆ ಸ್ಪ್ಯಾನ್ ತೆರೆಯಿರಿ. ಜಾಬ್ ಗಂಟೆಗಟ್ಟಲೆ ತಡವಾಗಿ ಓಡುವಂಥದ್ದಾದರೆ ಅದರ ಸ್ಪ್ಯಾನನ್ನು ರಿಕ್ವೆಸ್ಟಿನ ಸ್ಪ್ಯಾನಿಗೆ ಮಗುವಾಗಿ ಸೇರಿಸದೆ ಲಿಂಕ್ ಆಗಿ ಸೇರಿಸುವುದು ಒಳ್ಳೆಯದು, ಇಲ್ಲದಿದ್ದರೆ ಅರ್ಧ ಸೆಕೆಂಡಿನ ರಿಕ್ವೆಸ್ಟ್ ಚಿತ್ರದಲ್ಲಿ ಮೂರು ಗಂಟೆ ಉದ್ದ ಕಾಣುತ್ತದೆ. ಕೈಯಾರೆ ತೆರೆದ ಸ್ಪ್ಯಾನನ್ನು ಫೈನಲಿ ಬ್ಲಾಕ್‌ನಲ್ಲಿ ಮುಚ್ಚಿ. ಮುಚ್ಚದ ಸ್ಪ್ಯಾನ್ ಎಂದಿಗೂ ಹೊರಗೆ ಹೋಗುವುದಿಲ್ಲ.

ಗದ್ದಲವೂ ಇದೆ. ಎಕ್ಸ್‌ಪ್ರೆಸ್‌ನ ಪ್ರತಿ ಮಿಡಲ್‌ವೇರ್‌ಗೆ ಒಂದು ಸ್ಪ್ಯಾನ್ ಬರುತ್ತದೆ, ಅದನ್ನು ಆಫ್ ಮಾಡಿ. ಫೈಲ್ ಸಿಸ್ಟಂ ಸ್ಪ್ಯಾನ್‌ಗಳು ಹಳೆಯ ಆವೃತ್ತಿಗಳಲ್ಲಿ ತಾವಾಗಿಯೇ ಬರುತ್ತಿದ್ದವು, ಈಗ ಕೇಳಿದರೆ ಮಾತ್ರ. ಕುಬರ್ನೆಟಿಸ್‌ನ ಹೆಲ್ತ್ ಚೆಕ್ ಹೇಳದಿದ್ದರೆ 10 ಸೆಕೆಂಡಿಗೊಮ್ಮೆ ಬರುತ್ತದೆ. ಒಂದು ಪಾಡ್‌ಗೆ ಇಂಥ ಒಂದೇ ಚೆಕ್ ಎಂದರೂ ದಿನಕ್ಕೆ 8,640 ಕೆಲಸಕ್ಕೆ ಬಾರದ ಟ್ರೇಸ್. ಒಳಬರುವ ರಿಕ್ವೆಸ್ಟ್ ಕಡೆಗಣಿಸುವ ಹುಕ್ ಎಚ್‌ಟಿಟಿಪಿ ಇನ್‌ಸ್ಟ್ರುಮೆಂಟೇಶನ್‌ನಲ್ಲೇ ಇದೆ.

ಸ್ಯಾಂಪ್ಲಿಂಗ್ ಹೇಳದಿದ್ದರೆ ಎಲ್ಲವನ್ನೂ ಕಳಿಸುತ್ತದೆ. ಅನುಪಾತ 0.1 ಕೊಟ್ಟರೆ ಹತ್ತರಲ್ಲಿ ಒಂದು ಉಳಿಯುತ್ತದೆ. ಆದರೆ ನಿರ್ಧಾರ ರಿಕ್ವೆಸ್ಟ್ ಶುರುವಿನಲ್ಲೇ ಆಗುವುದರಿಂದ ಎರರ್ ಆದ ರಿಕ್ವೆಸ್ಟ್‌ಗಳಲ್ಲೂ ಸುಮಾರು ಹತ್ತಕ್ಕೆ ಒಂಬತ್ತು ಹೋಗಿಬಿಡುತ್ತವೆ. ಎರರ್ ಮತ್ತು ನಿಧಾನದವು ಮಾತ್ರ ಬೇಕಾದರೆ ಕಲೆಕ್ಟರ್ (ಸ್ಪ್ಯಾನ್‌ಗಳನ್ನು ನಡುವೆ ಸಂಗ್ರಹಿಸಿ ಮುಂದೆ ಕಳಿಸುವ ಪ್ರೋಗ್ರಾಂ) ಇಟ್ಟು ಟೇಲ್ ಸ್ಯಾಂಪ್ಲಿಂಗ್, ಅಂದರೆ ಸ್ಪ್ಯಾನ್‌ಗಳು ಬಂದ ಮೇಲೆ ಆಯ್ಕೆ, ಮಾಡಬೇಕು. ಅದು ಡೀಫಾಲ್ಟ್ ಆಗಿ 30 ಸೆಕೆಂಡ್ ಕಾದು ನಿರ್ಧರಿಸುತ್ತದೆ, ಅಲ್ಲಿಯವರೆಗೆ ಎಲ್ಲ ಸ್ಪ್ಯಾನ್ ಮೆಮೊರಿಯಲ್ಲಿರುತ್ತವೆ. ಕಲೆಕ್ಟರ್ ಎರಡಿದ್ದರೆ ಒಂದು ಟ್ರೇಸಿನ ಸ್ಪ್ಯಾನ್‌ಗಳೆಲ್ಲ ಒಂದೇ ಕಲೆಕ್ಟರ್‌ಗೆ ಹೋಗುವಂತೆ ಮುಂದೆ ಲೋಡ್ ಬ್ಯಾಲೆನ್ಸಿಂಗ್ ಎಕ್ಸ್‌ಪೋರ್ಟರ್ ಬೇಕು. ಇಂಟರ್‌ನೆಟ್‌ಗೆ ತೆರೆದ ಸರ್ವರ್ ಆದರೆ ಹೊರಗಿನವರು ಕಳಿಸುವ ಟ್ರೇಸ್‌ಪೇರೆಂಟ್ ಹೆಡರನ್ನು ಗೇಟ್‌ವೇಯಲ್ಲೇ ತೆಗೆದುಹಾಕಿ. ಬಿಟ್ಟರೆ ಯಾವುದು ಉಳಿಯಬೇಕೆಂದು ಅವರ 01 ಹೇಳುತ್ತದೆ.

ಸ್ಪ್ಯಾನ್‌ಗಳು 2,048ರ ಕ್ಯೂನಲ್ಲಿ ನಿಂತು, 5 ಸೆಕೆಂಡಿಗೊಮ್ಮೆ, ಒಂದು ಕಂತಿಗೆ 512ರವರೆಗೆ ಹೊರಡುತ್ತವೆ. ಕ್ಯೂ ತುಂಬಿದರೆ ಹೊಸದು ಬಿಸಾಡಲ್ಪಡುತ್ತದೆ. ಸೆಟಪ್ ಫೈಲ್ ನೀವೇ ಬರೆದಿದ್ದರೆ ಸಿಗ್‌ಟರ್ಮ್ (ನಿಲ್ಲು ಎಂಬ ಸಂಕೇತ) ಬಂದಾಗ ಓಪನ್‌ಟೆಲಿಮೆಟ್ರಿ ಎಸ್‌ಡಿಕೆಯ ಶಟ್‌ಡೌನ್ ಕರೆದು, ಅದು ಮುಗಿದ ಮೇಲೆ ಪ್ರೋಸೆಸ್ ನಿಲ್ಲಿಸಿ. ಕಾಯದೆ ನಿಲ್ಲಿಸಿದರೆ ಪ್ರತಿ ಡಿಪ್ಲಾಯ್‌ನಲ್ಲೂ ಕೊನೆಯ ಕೆಲವು ಸೆಕೆಂಡಿನ ಟ್ರೇಸ್ ನಷ್ಟ.

ಆವೃತ್ತಿಗಳ ಬಗ್ಗೆ ಒಂದು ಮಾತು. 2025ರಲ್ಲಿ ಬಂದ ಎಸ್‌ಡಿಕೆ 2ಕ್ಕೆ ನೋಡ್ 18.19 ಅಥವಾ 20.6ರ ನಂತರದ್ದು ಬೇಕು. ಅದರಲ್ಲಿ ಸರ್ವಿಸ್ ಹೆಸರಿನಂಥ ವಿವರ ಇಡುವ ರಿಸೋರ್ಸ್ ಕ್ಲಾಸನ್ನು ನೇರ ಬಳಸುವಂತಿಲ್ಲ, ಅದಕ್ಕೆಂದೇ ಇರುವ ಫಂಕ್ಷನ್ ಕರೆಯಬೇಕು. ಹಳೆಯ ಉದಾಹರಣೆಗಳನ್ನು ನಕಲು ಮಾಡಿದರೆ ಇಲ್ಲೇ ಮುಗ್ಗರಿಸುತ್ತೀರಿ.

ಯೇಗರ್ ಬಗ್ಗೆ ದೂರೇನಿಲ್ಲ. ಒಂದು ಟ್ರೇಸನ್ನು ಬಿಡಿಸಿ ನೋಡಲು ಅದು ಅಚ್ಚುಕಟ್ಟು. ಆದರೆ ಬೇರೆ ಸೆಟ್ಟಿಂಗ್ ಇಲ್ಲದೆ ಓಡಿಸಿದ ಕಂಟೇನರ್ ಎಲ್ಲವನ್ನೂ ಮೆಮೊರಿಯಲ್ಲೇ ಇಡುತ್ತದೆ, ರೀಸ್ಟಾರ್ಟ್ ಆದರೆ ಖಾಲಿ. ಪ್ರೊಡಕ್ಷನ್‌ಗೆ ಕಸಾಂಡ್ರ, ಇಲಾಸ್ಟಿಕ್‌ಸರ್ಚ್ ಅಥವಾ ಓಪನ್‌ಸರ್ಚ್ ಜೋಡಿಸಿ.

ಹಾಗೆ ಜೋಡಿಸುವ ಮುಂಚೆ ಸ್ಪ್ಯಾನ್ ಒಳಗೆ ಏನು ಹೋಗುತ್ತಿದೆ ನೋಡಿ. ಯುಆರ್‌ಎಲ್‌ನ ಕ್ವೆರಿ ಭಾಗವೂ ದಾಖಲಾಗುತ್ತದೆ. ಅಲ್ಲಿ ಫೋನ್ ನಂಬರ್ ಇದ್ದರೆ ಅದೂ ಸ್ಟೋರೇಜ್ ಸೇರಿತು. ಪೋಸ್ಟ್‌ಗ್ರೆಸ್ ಕ್ವೆರಿಯ ಮೌಲ್ಯಗಳನ್ನು ದಾಖಲಿಸುವ ಆಯ್ಕೆ ಮೊದಲಿಗೆ ಆಫ್ ಆಗಿರುತ್ತದೆ. ಡಿಬಗ್ ಮಾಡಲೆಂದು ಅದನ್ನು ಆನ್ ಮಾಡಿದವರು ಅದೇ ದಿನ ಆಫ್ ಮಾಡಬೇಕು.