ಬ್ಯಾಚಿನ ದಿನಾಂಕಕ್ಕೆ ಭ್ರೂಣ ವರ್ಗಾವಣೆ: ಕೊಡಗಿನ ದಂಪತಿಗಳ ಗಮನಕ್ಕೆ

ಮಕ್ಕಳಾಗದ ದಂಪತಿಗಳಿಗೆ ಉಚಿತ ತಪಾಸಣಾ ಶಿಬಿರ ಎಂಬ ಬ್ಯಾನರ್‌ ನೋಡಿ ಹೆಸರು ಬರೆಸುವವರು ನಮ್ಮ ಜಿಲ್ಲೆಯಲ್ಲಿ ಕಡಿಮೆಯಿಲ್ಲ. ಕುಶಾಲನಗರದ ಅಂಥದೊಂದು ಶಿಬಿರದಿಂದಲೇ ನಾವು ಹೊರಜಿಲ್ಲೆಯ ಐವಿಎಫ್ (ದೇಹದ ಹೊರಗೆ ಭ್ರೂಣ ರೂಪಿಸುವ ಚಿಕಿತ್ಸೆ) ಕೇಂದ್ರವೊಂದಕ್ಕೆ ಹೋದೆವು. ಅಂಡಾಣು ತೆಗೆದು, ಭ್ರೂಣ ಬೆಳೆಸಿ, ಘನೀಕರಿಸಿ ಇಡುವವರೆಗೆ ದೂರುವಂಥದ್ದೇನೂ ನಡೆಯಲಿಲ್ಲ. ತೊಂದರೆ ಆರಂಭವಾದದ್ದು ಆ ಭ್ರೂಣವನ್ನು ಗರ್ಭಕೋಶಕ್ಕೆ ಸೇರಿಸುವ ಸಿದ್ಧತೆಯ ಹಂತದಲ್ಲಿ.

ಆ ಕೇಂದ್ರದಲ್ಲಿ ಭ್ರೂಣತಜ್ಞರು, ಅಂದರೆ ಪ್ರಯೋಗಾಲಯದಲ್ಲಿ ಭ್ರೂಣವನ್ನು ನೋಡಿಕೊಳ್ಳುವವರು, ಕಾಯಂ ಆಗಿ ಇರಲಿಲ್ಲ. ತಿಂಗಳಲ್ಲಿ ಕೆಲವೇ ದಿನ ಬೇರೆ ಊರಿನಿಂದ ಬಂದು, ಆ ಹೊತ್ತಿಗೆ ಸಿದ್ಧಗೊಳಿಸಿಟ್ಟ ಎಲ್ಲ ಮಹಿಳೆಯರ ಕೆಲಸವನ್ನು ಒಟ್ಟಿಗೆ ಮುಗಿಸಿ ಹೋಗುತ್ತಿದ್ದರು. ಸಿಬ್ಬಂದಿ ಇದನ್ನು ‘ಬ್ಯಾಚ್’ ಎನ್ನುತ್ತಿದ್ದರು. ಶಿಬಿರದಲ್ಲಾಗಲಿ, ಹಣ ಕಟ್ಟಿಸಿಕೊಳ್ಳುವಾಗಲಾಗಲಿ ಈ ವಿಷಯವನ್ನು ಯಾರೂ ಬಾಯಿಬಿಟ್ಟಿರಲಿಲ್ಲ.

ಬ್ಯಾಚ್ ಇದ್ದರೇನಂತೆ ಎಂದು ಕೇಳುವವರಿಗೆ ಸಿದ್ಧತೆಯ ಕ್ರಮವನ್ನು ವಿವರಿಸಬೇಕಾಗುತ್ತದೆ. ಔಷಧದ ಮೂಲಕ ಸಿದ್ಧಗೊಳಿಸುವ ಕ್ರಮದಲ್ಲಿ ಮುಟ್ಟಿನ ಎರಡನೆಯ ಅಥವಾ ಮೂರನೆಯ ದಿನದಿಂದ ಎಸ್ಟ್ರಾಡಿಯಾಲ್ ಎಂಬ ಹಾರ್ಮೋನಿನ ಮಾತ್ರೆ ಕೊಟ್ಟು ಗರ್ಭಕೋಶದ ಒಳಪದರವನ್ನು ಬೆಳೆಸುತ್ತಾರೆ. ಸ್ಕ್ಯಾನಿನಲ್ಲಿ ಆ ಪದರ ಸಾಮಾನ್ಯವಾಗಿ 7 ಮಿ.ಮೀ. ಅಥವಾ ಅದಕ್ಕಿಂತ ದಪ್ಪವಾಗಿ, ಮೂರು ಗೆರೆಗಳಂತೆ ಕಂಡ ಮೇಲೆ, ಭ್ರೂಣ ಸ್ವೀಕರಿಸಲು ಪದರವನ್ನು ಅಣಿಗೊಳಿಸುವ ಪ್ರೊಜೆಸ್ಟರಾನ್ ಎಂಬ ಹಾರ್ಮೋನ್ ಆರಂಭಿಸುತ್ತಾರೆ. ಐದು ದಿನ ಬೆಳೆದ ಭ್ರೂಣವಾದರೆ ಸುಮಾರು ಐದು ದಿನ ಪ್ರೊಜೆಸ್ಟರಾನ್ ಆದ ನಂತರ ವರ್ಗಾವಣೆ ಮಾಡುತ್ತಾರೆ. ಪ್ರೊಜೆಸ್ಟರಾನ್ ಒಮ್ಮೆ ಆರಂಭವಾಯಿತೆಂದರೆ ದಿನಾಂಕವೂ ನಿಗದಿಯಾದಂತೆ. ಅದಕ್ಕಿಂತ ಮೊದಲು ಮಾತ್ರ ಪದರ ತೆಳುವಾಗಿದ್ದರೆ ಇನ್ನಷ್ಟು ದಿನ ಎಸ್ಟ್ರಾಡಿಯಾಲ್ ಮುಂದುವರಿಸಿ ಕಾಯಬಹುದು, ಇಲ್ಲವೇ ಆ ತಿಂಗಳನ್ನೇ ಬಿಡಬಹುದು. ಮೈನಸ್ 196 ಡಿಗ್ರಿ ಸೆಲ್ಸಿಯಸ್‌ನ ದ್ರವ ಸಾರಜನಕದಲ್ಲಿರುವ ಭ್ರೂಣ ಒಂದೆರಡು ತಿಂಗಳು ತಡವಾದರೆ ಕೆಡುವುದಿಲ್ಲ. ಅವಸರವಿದ್ದದ್ದು ಬ್ಯಾಚಿಗೆ, ಭ್ರೂಣಕ್ಕಲ್ಲ.

ನನ್ನ ಸ್ಕ್ಯಾನ್ ಮಾಡಿದಾಗ ಪರದೆಯ ಮೇಲೆ ಎರಡು ಸಣ್ಣ ಅಡ್ಡಗೆರೆ ಗುರುತುಗಳ ನಡುವೆ ಪದರದ ಅಳತೆ 6.1 ಮಿ.ಮೀ. ಎಂದಿತ್ತು. ಪಕ್ಕದಲ್ಲಿದ್ದ ಸಹಾಯಕಿ ಫೈಲಿನಲ್ಲಿ 7 ಎಂದು ಬರೆದರು. ನಾನು ಕೇಳಿದ್ದಕ್ಕೆ, ‘ಪರವಾಗಿಲ್ಲಮ್ಮ, ಮಾತ್ರೆ ತಗೋತಿದ್ದೀರಲ್ಲ, ಬೆಳೆಯುತ್ತೆ’ ಎಂಬ ಉತ್ತರ ಬಂತು. ಫೈಲಿನ ಹೊದಿಕೆಯ ಮೇಲೆ ವರ್ಗಾವಣೆಯ ದಿನಾಂಕವನ್ನು ಆ ಸ್ಕ್ಯಾನಿಗೂ ಮೊದಲೇ ಬರೆದಾಗಿತ್ತು. ಮುಂದೂಡಬಹುದೇ ಎಂದು ನನ್ನ ಯಜಮಾನರು ವಿಚಾರಿಸಿದಾಗ, ಈ ಬ್ಯಾಚ್ ತಪ್ಪಿದರೆ ಪ್ಯಾಕೇಜಿನ ದರ ಬದಲಾಗುತ್ತದೆ ಎಂದರು. ಅಂದು ಸಂಜೆಯಿಂದಲೇ ಪ್ರೊಜೆಸ್ಟರಾನ್ ಆರಂಭಿಸಿದರು. ವರ್ಗಾವಣೆಯಾಯಿತು, ಬೀಟಾ ಎಚ್‌ಸಿಜಿ ಎಂಬ ರಕ್ತಪರೀಕ್ಷೆಯಲ್ಲಿ ಗರ್ಭ ನಿಂತಿಲ್ಲವೆಂದು ತಿಳಿಯಿತು.

ಪದರ ತೆಳುವಾಗಿದ್ದುದೇ ಕಾರಣವೆಂದು ನಾನು ಸಾಧಿಸಹೊರಟಿಲ್ಲ. 7 ಮಿ.ಮೀ.ಗಿಂತ ಕಡಿಮೆ ಇದ್ದವರಿಗೂ ಗರ್ಭ ನಿಂತ ಉದಾಹರಣೆಗಳಿವೆ, ಎಲ್ಲವೂ ಸರಿಯಿದ್ದು ವಿಫಲವಾಗುವುದೂ ಇದೆ. ನನ್ನ ಆಕ್ಷೇಪವಿರುವುದು ಅಳತೆಯನ್ನು ದಿನಾಂಕಕ್ಕೆ ಹೊಂದಿಸಿ ಬರೆದುದರ ಬಗ್ಗೆ. ನನಗೆ ಮುಟ್ಟು ಕ್ರಮವಾಗಿ ಆಗುತ್ತದೆ. ಅಂಥವರಿಗೆ ಸಹಜ ಋತುಚಕ್ರವನ್ನೇ ಅನುಸರಿಸಿ, ಕಡಿಮೆ ಔಷಧದಲ್ಲಿ ವರ್ಗಾವಣೆ ಮಾಡುವ ಕ್ರಮವೂ ಉಂಟೆಂದು ತಿಳಿದದ್ದು ಬಹಳ ತಡವಾಗಿ, ಬೇರೆ ವೈದ್ಯರಿಂದ. ಅಂಡಾಣು ಬಿಡುಗಡೆಯಾಗುವ ದಿನ ಬ್ಯಾಚಿನ ಮಾತು ಕೇಳುವುದಿಲ್ಲವಾದ್ದರಿಂದ ಅದನ್ನು ಅಲ್ಲಿ ಏಕೆ ಹೇಳಲಿಲ್ಲವೆಂಬುದು ಊಹಿಸಲು ಕಷ್ಟವಲ್ಲ.

ವೈಫಲ್ಯದ ನಂತರ ಆ ಕೇಂದ್ರದವರು ಸೂಚಿಸಿದ್ದು ಗರ್ಭಕೋಶದ ಒಳಪದರವನ್ನು ಕೆರೆಯುವ ‘ಸ್ಕ್ರ್ಯಾಚಿಂಗ್’. ಅದಕ್ಕೆ ಪ್ರತ್ಯೇಕ ಶುಲ್ಕ. 2019ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟವಾದ, 1,300ಕ್ಕೂ ಹೆಚ್ಚು ಮಹಿಳೆಯರನ್ನೊಳಗೊಂಡ ಅಧ್ಯಯನದಲ್ಲಿ ಸ್ಕ್ರ್ಯಾಚಿಂಗ್ ಮಾಡಿಸಿಕೊಂಡವರಲ್ಲೂ ಮಾಡಿಸಿಕೊಳ್ಳದವರಲ್ಲೂ ಮಗು ಜನಿಸಿದ ಪ್ರಮಾಣ ಒಂದೇ, ಶೇ. 26.1. ಇದನ್ನು ತೋರಿಸಿದಾಗ, ‘ನಮ್ಮಲ್ಲಿ ರಿಸಲ್ಟ್ ಚೆನ್ನಾಗಿದೆ’ ಎಂದರೇ ಹೊರತು ಯಾವ ಲೆಕ್ಕವನ್ನೂ ಮುಂದಿಡಲಿಲ್ಲ.

2021ರ ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನ ನಿಯಂತ್ರಣ ಕಾಯ್ದೆಯ ಪ್ರಕಾರ ಇಂಥ ಕೇಂದ್ರಗಳು ನೋಂದಾಯಿತವಾಗಿರಬೇಕು, ಚಿಕಿತ್ಸೆಯ ಸಾಧಕ, ಬಾಧಕ ಮತ್ತು ವೆಚ್ಚವನ್ನು ದಂಪತಿಗಳಿಗೆ ತಿಳಿಸಬೇಕು, ದೂರು ಆಲಿಸುವ ವ್ಯವಸ್ಥೆಯನ್ನೂ ಹೊಂದಿರಬೇಕು. ಮಡಿಕೇರಿ, ಸೋಮವಾರಪೇಟೆ ಕಡೆಯಿಂದ ಮಳೆಗಾಲದಲ್ಲಿ ಗಂಟೆಗಟ್ಟಲೆ ಪ್ರಯಾಣಿಸಿ ಹೋಗುವ ನಮ್ಮಂಥವರು ಒಳಗೆ ಹೋದ ಮೇಲೆ ಪ್ರಶ್ನೆ ಕೇಳಲು ಹಿಂಜರಿಯುತ್ತೇವೆ, ಹೇಗಾದರೂ ಮುಗಿದರೆ ಸಾಕೆನಿಸುತ್ತದೆ. ಆದ್ದರಿಂದ ಮುಂಗಡ ಕಟ್ಟುವ ಮುನ್ನವೇ ಭ್ರೂಣತಜ್ಞರು ಅಲ್ಲೇ ಇರುತ್ತಾರೆಯೇ, ಪದರ ಬೆಳೆಯದಿದ್ದರೆ ಆ ತಿಂಗಳು ನಿಲ್ಲಿಸುತ್ತಾರೆಯೇ, ನಿಲ್ಲಿಸಿದರೆ ಹಣವೆಷ್ಟು ಹೋಗುತ್ತದೆ ಎಂಬುದನ್ನು ಕೇಳಿ ಬರಹದಲ್ಲಿ ಪಡೆಯಿರಿ.

ದಾಖಲೆಗಳನ್ನು ಕೇಳಲು ನಿಮಗೆ ಹಕ್ಕಿದೆ. 2002ರ ವೈದ್ಯಕೀಯ ವೃತ್ತಿ ನಡಾವಳಿ ನಿಯಮಗಳ ಪ್ರಕಾರ ರೋಗಿ ಕೇಳಿದ 72 ಗಂಟೆಗಳೊಳಗೆ ಅವುಗಳನ್ನು ಕೊಡಬೇಕು. ನಾವು ಲಿಖಿತವಾಗಿ ಕೇಳಿದಾಗ ಸಿಕ್ಕಿದ ಕಟ್ಟಿನಲ್ಲಿ ಭ್ರೂಣದ ದರ್ಜೆಯ (ಗುಣಮಟ್ಟದ) ವಿವರವಿರಲಿಲ್ಲ, ಒಳಪದರ 7 ಮಿ.ಮೀ. ಎಂಬ ಒಂದು ಸಾಲಿತ್ತು, ಆದರೆ ಸ್ಕ್ಯಾನ್ ಚಿತ್ರವಿರಲಿಲ್ಲ. ಪ್ರತಿ ಸ್ಕ್ಯಾನಿನ ಚಿತ್ರವನ್ನು ಆಯಾ ದಿನವೇ, ಕೊಠಡಿಯಿಂದ ಹೊರಬರುವ ಮೊದಲೇ ಕೇಳಿ ಪಡೆದುಕೊಳ್ಳಿ.