ರೆಕ್ಕೆಯ ಡ್ರ್ಯಾಗನ್ನೋ, ಸುರುಳಿಯ ಡ್ರ್ಯಾಗನ್ನೋ?

ಡ್ರ್ಯಾಗನ್ ಆಭರಣಗಳಲ್ಲಿ ಹೆಚ್ಚಾಗಿ ಕಣ್ಣಿಗೆ ಬೀಳುವುದು ಎರಡು ಬಗೆ. ರೆಕ್ಕೆ ಬಿಚ್ಚಿ ನಿಂತ ಯುರೋಪಿನದು ಒಂದು, ರೆಕ್ಕೆಯಿಲ್ಲದೆ ಉದ್ದಕ್ಕೆ ಬಳುಕುವ ಚೀನಾದ್ದು ಇನ್ನೊಂದು. ಮೊದಲನೆಯದು ನನ್ನಲ್ಲಿ ಪೆಂಡೆಂಟಾಗಿದೆ, ಎರಡನೆಯದು ಉಂಗುರವಾಗಿ. ಎರಡೂ ಎರಕದ ಬೆಳ್ಳಿ. ಇವಲ್ಲದೆ ಬಟ್ಟೆಗೆ ಚುಚ್ಚಿಕೊಳ್ಳುವ ಒಂದು ಎನಾಮೆಲ್ ಬ್ರೋಚ್ ಕೂಡ ಇದೆ. ದಿನಾ ಹಾಕಿಕೊಳ್ಳಲು ಯಾವುದು ಅಂದರೆ, ಉಂಗುರವೇ.

ಅಂದಕ್ಕೆ ಪೆಂಡೆಂಟೇ ಮೇಲು, ಅದರಲ್ಲಿ ತಕರಾರಿಲ್ಲ. ಆದರೆ ಆ ಅಂದವೆಲ್ಲ ಡಬ್ಬಿಯೊಳಗೆ ಇರುವಷ್ಟು ಹೊತ್ತು. ಕೊರಳಿಗೆ ಹಾಕಿದ ಕೂಡಲೇ ರೆಕ್ಕೆಯ ತುದಿಗಳು ಸ್ವೆಟರಿನ ನೂಲು ಎಳೆಯಲು ಶುರು. ಸರ ಪೋಣಿಸುವ ಕೊಂಡಿ ತಲೆಯ ಹಿಂದಿದೆ, ಭಾರವೆಲ್ಲ ಬಾಲದ ಕಡೆ. ಹಾಗಾಗಿ ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಡ್ರ್ಯಾಗನ್ ವಾಲಿಕೊಂಡು, ಕೆತ್ತನೆಯಿಲ್ಲದ ಬೋಳು ಬೆನ್ನು ತೋರಿಸುತ್ತದೆ.

ಉಂಗುರದಲ್ಲಿ ಮೈಯೇ ಬಳೆ. ಬಾಲದಿಂದ ಹೊರಟು ಬೆರಳು ಸುತ್ತಿ ಬಂದು, ತಲೆ ಬಾಲದ ಪಕ್ಕಕ್ಕೇ ನಿಲ್ಲುತ್ತದೆ. ನಡುವೆ ಬೆಸುಗೆಯಿಲ್ಲ, ಉಂಗುರದ ಸುತ್ತು ತೆರೆದೇ ಇದೆ. ಹಾಗಾಗಿ ಅಳತೆ ಕೊಂಚ ಹೆಚ್ಚುಕಮ್ಮಿ ಮಾಡಿಕೊಳ್ಳಬಹುದು. ಆದರೆ ಪದೇ ಪದೇ ಬಗ್ಗಿಸಬಾರದು, ಬೆಳ್ಳಿ ಬಿರುಸಾಗಿ ಬಿರುಕು ಬಿಡುತ್ತದೆ. ಕೊಂಬು, ಮೀಸೆ ಎರಡೂ ಜೂಲಿಗೆ ಒರಗಿಕೊಂಡಿರುವುದರಿಂದ ಬಟ್ಟೆಗೆ ಸಿಕ್ಕುವುದಿಲ್ಲ. ಹುರುಪೆಗಳ ಸಂದಿಯಲ್ಲಿ ಗಂಧಕದ ರಾಸಾಯನಿಕದಿಂದ ಕಪ್ಪು ಕೂರಿಸಿದ್ದಾರೆ. ಉಬ್ಬಿದ ಭಾಗ ಬೆರಳುಗಳ ನಡುವೆ ಉಜ್ಜಿ ಉಜ್ಜಿ ಬೆಳ್ಳಗಾದಷ್ಟೂ ಒಂದೊಂದು ಹುರುಪೆಯೂ ಬಿಡಿಬಿಡಿಯಾಗಿ ಎದ್ದು ಕಾಣುತ್ತದೆ. ಇಂಥದ್ದನ್ನು ಬೆಳ್ಳಿ ತೊಳೆಯುವ ದ್ರಾವಣದಲ್ಲಿ ಮಾತ್ರ ಅದ್ದಬೇಡಿ, ಕಪ್ಪೆಲ್ಲ ಹೋಗಿ ಡ್ರ್ಯಾಗನ್ ಪೇಲವವಾಗುತ್ತದೆ.

ಚೀನಾದ ಮಿಂಗ್, ಚಿಂಗ್ ರಾಜವಂಶಗಳ ಅರಮನೆಗಳಲ್ಲಿ ಐದುಗುರಿನ ಡ್ರ್ಯಾಗನ್ ಚಕ್ರವರ್ತಿಯ ಗುರುತಾಗಿತ್ತು. ಮಾರುವವರು ಈ ಕಥೆಯನ್ನು ತಪ್ಪದೆ ಹೇಳುತ್ತಾರೆ. ಭೂತಗನ್ನಡಿ ಹಿಡಿದು ನೋಡಿದರೆ ನನ್ನದಕ್ಕೆ ಇರುವುದು ಮೂರು ಉಗುರು, ಮತ್ತೊಂದು ಬೆಳ್ಳಿಯ ಗಂಟು!

ಮೈ ಬಾಗಿಸುವ ಈ ಉಪಾಯ ಬಹಳ ಹಳೆಯದು. 1971ರಲ್ಲಿ ಚೀನಾದ ಒಳ ಮಂಗೋಲಿಯಾದಲ್ಲಿ, ಹೊಂಗ್‌ಶಾನ್ ಎಂಬ ಶಿಲಾಯುಗದ ಸಂಸ್ಕೃತಿಯ ಕಾಲದ, ಜೇಡ್ ಕಲ್ಲಿನ ಡ್ರ್ಯಾಗನ್ ಒಂದು ಸಿಕ್ಕಿತು. ಎತ್ತರ ಸುಮಾರು 26 ಸೆಂಟಿಮೀಟರ್, ಐದು ಸಾವಿರ ವರ್ಷ ಹಿಂದಿನದೆಂದು ಲೆಕ್ಕ. ಬಿಲ್ಲಿನಂತೆ ಬಾಗಿದ ಮೈ, ದಾರ ಪೋಣಿಸಲು ಬೆನ್ನಲ್ಲೊಂದು ತೂತು. ಯುರೋಪಿನವರಿಗೆ ಇದು ತಿಳಿದಿರಲಿಲ್ಲ ಎಂದಲ್ಲ. ಹಂಗೇರಿಯ ದೊರೆ ಸಿಗಿಸ್ಮಂಡ್ 1408ರಲ್ಲಿ ಕಟ್ಟಿದ ಡ್ರ್ಯಾಗನ್ ಪಂಥ ಎಂಬ ಸರದಾರರ ಕೂಟದ ಲಾಂಛನದಲ್ಲಿ ಡ್ರ್ಯಾಗನ್ ತನ್ನ ಬಾಲವನ್ನೇ ಕೊರಳಿಗೆ ಸುತ್ತಿಕೊಂಡು ದುಂಡಗಾಗಿದೆ. ಅಂದರೆ ತಂಟೆ ಇರುವುದು ರೆಕ್ಕೆ ಹರಡಿ ನಿಲ್ಲಿಸುವ ವಿನ್ಯಾಸದಲ್ಲಿ. ರೆಕ್ಕೆ ಮಡಚಿ ಕುಳಿತ ಪೆಂಡೆಂಟ್ ಸಿಕ್ಕರೆ ನಾನೂ ಬೇಡ ಅನ್ನುವುದಿಲ್ಲ.

ಬ್ರೋಚಿನದು ಬೇರೆಯೇ ಲೆಕ್ಕ. ತೆಳು ಲೋಹದ ತಂತಿಯಿಂದ ಗೆರೆ ಕಟ್ಟಿ, ನಡುವೆ ಬಣ್ಣದ ಗಾಜಿನ ಪುಡಿ ತುಂಬಿ, ಕುಲುಮೆಯಲ್ಲಿ ಕರಗಿಸಿದ ಕೆಲಸ. ಆ ನೀಲಿ ಬೆಳ್ಳಿಗೆ ಎಲ್ಲಿಂದ ಬರಬೇಕು? ಆದರೆ ಗಟ್ಟಿ ನೆಲಕ್ಕೆ ಬಿದ್ದರೆ ಗಾಜು ಚಕ್ಕೆ ಏಳುತ್ತದೆ. ಅದೇನಿದ್ದರೂ ಕೋಟಿನ ಮೇಲೆ ಚುಚ್ಚಲು, ಅದೂ ಅಪರೂಪಕ್ಕೆ.

ಕೊಳ್ಳುವ ಮುಂಚೆ ಉಣ್ಣೆ ಬಟ್ಟೆಯೊಂದನ್ನು ಆಭರಣದ ಮೇಲೆ ಎಲ್ಲ ದಿಕ್ಕಿನಿಂದಲೂ ಸವರಿ ನೋಡಿ. ಎರಡು ಕಡೆ ತಡೆದರೆ, ಎಷ್ಟೇ ಚೆಂದವಿದ್ದರೂ ವಾಪಸು ಇಟ್ಟುಬಿಡಿ.