ನಾಲ್ಕು ವರ್ಷ ಬಳಸಿದ ಕಾಲೇಜು ಗ್ರಂಥಾಲಯ: ಬೀಗದ ಕಪಾಟು ಮತ್ತು ಕೊನೆಯ ರ‍್ಯಾಕು

ಕಳೆದ ವಾರ ನೋ ಡ್ಯೂ ಪತ್ರಕ್ಕೆ ಸಹಿ ಹಾಕಿಸಿಕೊಳ್ಳಲು ಹೋದಾಗ ನನ್ನ ಹೆಸರಿನಲ್ಲಿ 38 ರೂಪಾಯಿ ದಂಡ ಬಾಕಿ ಇರುವುದು ಗೊತ್ತಾಯಿತು. ಕೊಟ್ಟೆ. ಶುಲ್ಕದ ಜೊತೆಗೇ ಕಿತ್ತುಕೊಂಡದ್ದನ್ನು ಬಿಟ್ಟರೆ ಈ ಗ್ರಂಥಾಲಯಕ್ಕೆ ನಾನು ಕೈಯಾರೆ ಕೊಟ್ಟ ಹಣ ಅಷ್ಟೇ. ಅಷ್ಟು ಕೊಟ್ಟ ಮೇಲೆ ನಾಲ್ಕು ಮಾತು ಹೇಳುವ ಹಕ್ಕೂ ಬಂತು ಎಂದುಕೊಂಡಿದ್ದೇನೆ.

ಪುಸ್ತಕಗಳ ಸಂಖ್ಯೆ, ಆಸನಗಳ ಸಂಖ್ಯೆ, ಹವಾನಿಯಂತ್ರಿತ ಡಿಜಿಟಲ್ ವಿಭಾಗ ಇವೆಲ್ಲ ಪ್ರವೇಶದ ಸಮಯದ ಹೊಳಪು ಕಾಗದದಲ್ಲಿ ಇವೆ, ನೋಡಿಕೊಳ್ಳಿ. ನಾನು ಓದಿದ್ದು ಮೆಕ್ಯಾನಿಕಲ್, ಮಲೆನಾಡಿನ ಅಂಚಿನ ಒಂದು ಖಾಸಗಿ ಕಾಲೇಜಿನಲ್ಲಿ, ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಅಧೀನದಲ್ಲಿ. ಮೊದಲ ಮೂರು ವರ್ಷ ಎಲ್ಲರಂತೆ ನಾನೂ ಗ್ರಂಥಾಲಯವನ್ನು ಬಳಸಿದ್ದು ಎರಡೇ ಕೆಲಸಕ್ಕೆ: ಹಳೆಯ ಪ್ರಶ್ನೆಪತ್ರಿಕೆ, ಪರೀಕ್ಷೆಯ ಹಿಂದಿನ ದಿನ ಸೂತ್ರ, ಕೋಷ್ಟಕಗಳ ಡೇಟಾ ಹ್ಯಾಂಡ್‌ಬುಕ್. ನಿಜವಾದ ಬಳಕೆ ಆರಂಭವಾದದ್ದು ಕೊನೆಯ ವರ್ಷದ ಪ್ರಾಜೆಕ್ಟಿನಿಂದ. ವಿಷಯ ಅಡಿಕೆ ಸುಲಿಯುವ ಯಂತ್ರ. ನಗಬೇಡಿ. ನಮ್ಮ ಕಡೆ ಮೆಕ್ಯಾನಿಕಲ್ ಓದಿದವರಲ್ಲಿ ಅಡಿಕೆಗೆ ಒಂದಲ್ಲ ಒಂದು ಯಂತ್ರ ಮಾಡದೆ ಹೊರಬಿದ್ದವರು ಕಡಿಮೆ. ನಮ್ಮ ತಂಡದ ನಾಲ್ವರಲ್ಲಿ ಇಬ್ಬರ ಮನೆಯಲ್ಲಿ ಇಂದಿಗೂ ಸುಗ್ಗಿಯ ರಾತ್ರಿ ಹನ್ನೊಂದರವರೆಗೆ ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮುಂದೆ ಜನ ಕೂರುತ್ತಾರೆ.

ಮೊದಲು ಸಿಟ್ಟಿನ ವಿಷಯ ಹೇಳಿ ಮುಗಿಸುತ್ತೇನೆ. ಮೋಟಾರಿನಿಂದ ಯಂತ್ರವನ್ನು ತಿರುಗಿಸುವ ವಿ-ಬೆಲ್ಟಿನ ಆಯ್ಕೆಗೆ ನಮಗೆ ಅದರ ಭಾರತೀಯ ಮಾನಕ ಐಎಸ್ 2494 ಬೇಕಿತ್ತು. ಭಾರತೀಯ ಮಾನಕಗಳೆಲ್ಲ ಒಂದು ಕಬ್ಬಿಣದ ಕಪಾಟಿನಲ್ಲಿ, ಬೀಗದೊಳಗೆ. ಬೀಗ ತೆರೆಯಲು ನಾವು ಅರ್ಜಿ ಬರೆಯಬೇಕು, ಅದಕ್ಕೆ ಮಾರ್ಗದರ್ಶಕರ ಸಹಿ, ಅದರ ಮೇಲೆ ವಿಭಾಗದ ಮುಖ್ಯಸ್ಥರ ಸಹಿ, ಆಮೇಲೆ ಗ್ರಂಥಪಾಲಕರ ಒಪ್ಪಿಗೆ. ಮುಖ್ಯಸ್ಥರು ಮಾನ್ಯತೆಯ ತಪಾಸಣೆಯ ಗಡಿಬಿಡಿಯಲ್ಲಿದ್ದರು. ಹನ್ನೊಂದು ದಿನ ಹಿಡಿಯಿತು. ಕೊನೆಗೆ ಬೀಗ ತೆರೆದಾಗ ಸಿಕ್ಕಿದ್ದು ನಮ್ಮ ತಂದೆಯವರ ಕಾಲದ ಆವೃತ್ತಿ, ಅಂಚಿಗೆ ಹುಳು ಹಿಡಿದು ಜರಡಿಯಂತಾಗಿತ್ತು. ಜೆರಾಕ್ಸ್ ಮಾಡಿಸುವಂತಿಲ್ಲ, ಮೊಬೈಲಿನಲ್ಲಿ ಚಿತ್ರ ತೆಗೆಯುವಂತಿಲ್ಲ, ಅಲ್ಲೇ ಕುಳಿತು ಕೋಷ್ಟಕವನ್ನು ಕೈಯಲ್ಲಿ ಬರೆದುಕೊಳ್ಳಬೇಕು. ಬರೆದುಕೊಂಡೆವು. ಮರುವಾರ ಸಿವಿಲ್ ವಿಭಾಗದ ಒಬ್ಬ ಜೂನಿಯರ್ ಬಂದು, ಭಾರತೀಯ ಮಾನಕ ಬ್ಯೂರೋ ತನ್ನ ಜಾಲತಾಣದಲ್ಲಿ ಮಾನಕಗಳನ್ನು ಉಚಿತವಾಗಿಯೇ ಕೊಡುತ್ತದೆ, ಹೆಸರು ನೋಂದಾಯಿಸಿ ಇಳಿಸಿಕೊಂಡರಾಯಿತು ಎಂದ. ಅವನು ಕಾಂಕ್ರೀಟಿನ ಮಾನಕ ಐಎಸ್ 456 ಅನ್ನು ಮೊಬೈಲಿನಲ್ಲೇ ಇಟ್ಟುಕೊಂಡು ಓಡಾಡುತ್ತಿದ್ದ. ಗ್ರಂಥಾಲಯದಲ್ಲಿ ಈ ಒಂದು ಸಾಲನ್ನು ಬರೆದು ಗೋಡೆಗೆ ಅಂಟಿಸಿದವರಿಲ್ಲ. 'ಮೌನವಾಗಿರಿ' ಎಂಬುದನ್ನು ಮಾತ್ರ ಒಂಬತ್ತು ಕಡೆ ಅಂಟಿಸಿದ್ದಾರೆ. ಎಣಿಸಿದ್ದೇನೆ.

ಇನ್ನು ಸಂಶೋಧನಾ ನಿಯತಕಾಲಿಕೆಗಳು. ಕಾಲೇಜುಗಳು ಒಟ್ಟಾಗಿ ಚಂದಾ ಪಡೆಯುವ ವಿಟಿಯು ಕನ್ಸಾರ್ಷಿಯಂ ಮೂಲಕ ಸಿಗುವ ಇ-ಸಂಪನ್ಮೂಲ ನಿಜಕ್ಕೂ ದೊಡ್ಡದು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ನಮ್ಮಲ್ಲಿ ಅದು ಕಾಲೇಜಿನ ಜಾಲದೊಳಗೆ ಮಾತ್ರ ತೆರೆಯುತ್ತಿತ್ತು. ಹಾಸ್ಟೆಲ್ ರಸ್ತೆಯ ಆಚೆ ಬದಿಗಿದೆ, ಅಂದರೆ ಜಾಲದ ಹೊರಗೆ. ತರಗತಿ ಮುಗಿಯುವುದು ನಾಲ್ಕೂವರೆಗೆ, ಗ್ರಂಥಾಲಯ ಮುಚ್ಚುವುದು ಐದೂವರೆಗೆ. ಆ ಒಂದು ಗಂಟೆಯಲ್ಲಿ ಚೀಲವನ್ನು ಹೊರಗಿನ ಗೂಡಿನಲ್ಲಿಟ್ಟು, ದಪ್ಪ ರಿಜಿಸ್ಟರಿನಲ್ಲಿ ಹೆಸರು, ಯುಎಸ್‌ಎನ್ (ವಿಟಿಯು ಕೊಡುವ ವಿದ್ಯಾರ್ಥಿ ಸಂಖ್ಯೆ), ಒಳಬಂದ ಸಮಯ ಬರೆದು, ಹನ್ನೆರಡು ಕಂಪ್ಯೂಟರುಗಳಲ್ಲಿ ಜೀವವಿರುವ ನಾಲ್ಕರಲ್ಲೊಂದನ್ನು ಹಿಡಿಯಬೇಕು. 2025ರ ಜನವರಿಯಲ್ಲಿ ಕೇಂದ್ರ ಸರ್ಕಾರದ 'ಒಂದು ರಾಷ್ಟ್ರ, ಒಂದು ಚಂದಾ' ಯೋಜನೆ ಜಾರಿಗೆ ಬಂದಾಗ ಹಿಗ್ಗಿದ್ದೆವು. ಮೂವತ್ತು ಪ್ರಕಾಶಕರು, ಸುಮಾರು 13,000 ನಿಯತಕಾಲಿಕೆಗಳು. ಆಮೇಲೆ ತಿಳಿಯಿತು, ಅದು ಸರ್ಕಾರಿ ಸಂಸ್ಥೆಗಳಿಗೆ ಮಾತ್ರ. ಪಿಯುಸಿಯಲ್ಲಿ ಜೊತೆಗಿದ್ದು ಈಗ ಸರ್ಕಾರಿ ಕಾಲೇಜಿನಲ್ಲಿ ಓದುವ ಗೆಳೆಯನೊಬ್ಬನಿಗೆ ನನ್ನ ಕರೆಗಳು ಹೆಚ್ಚಾದದ್ದು ಆಗಲೇ. ಅದು ಸ್ನೇಹದಿಂದಲ್ಲ ಎಂಬುದು ಅವನಿಗೂ ಗೊತ್ತು.

ಇಷ್ಟಕ್ಕೇ ನಿಲ್ಲಿಸಿದ್ದರೆ ಐದಕ್ಕೆ ಒಂದೂವರೆ ಅಂಕ ಕೊಟ್ಟು ಎದ್ದುಬಿಡುತ್ತಿದ್ದೆ.

ಪುಸ್ತಕಗಳನ್ನು ವಿಷಯಕ್ಕೊಂದು ಸಂಖ್ಯೆ ಕೊಡುವ ಡ್ಯೂಯಿ ಕ್ರಮದಲ್ಲಿ ಜೋಡಿಸುತ್ತಾರಲ್ಲ, ಯಂತ್ರ ವಿನ್ಯಾಸ ಇರುವುದು 621.8ರಲ್ಲಿ, ಕೃಷಿ ಉಪಕರಣ ಇರುವುದು 631.3ರಲ್ಲಿ. ನಮ್ಮ ಪ್ರಾಜೆಕ್ಟು ಎರಡಕ್ಕೂ ಸೇರಿದ್ದು. ಮೊದಲನೆಯದಕ್ಕೆ ಆರು ರ‍್ಯಾಕು. ಎರಡನೆಯದಕ್ಕೆ ಮೆಟ್ಟಿಲ ಕೆಳಗೆ ಒಂದೇ ಒಂದು ಹಲಗೆ. ಅದನ್ನು ಹುಡುಕುತ್ತಾ ಹೋದಾಗ ಅದರ ಹಿಂದೆ, ತಿರುಗದ ಫ್ಯಾನಿನ ಕೆಳಗೆ, ಕಪ್ಪು ರೆಕ್ಸಿನ್ ಹೊದಿಕೆ, ಚಿನ್ನದ ಬಣ್ಣದ ಅಕ್ಷರಗಳ ದಪ್ಪ ದಪ್ಪ ಪುಸ್ತಕಗಳು ಸಾಲಾಗಿ ಕಂಡವು. ಹಳೆಯ ಪ್ರಾಜೆಕ್ಟ್ ವರದಿಗಳು. ಅದರಲ್ಲಿ ಅಡಿಕೆ ಸುಲಿಯುವ ಯಂತ್ರಗಳೇ ಏಳು.

ಓದುವ ಮುನ್ನ ಒಂದು ಮಾತು ತಿಳಿದಿರಲಿ. ಪ್ರಾಜೆಕ್ಟ್ ವರದಿಗಳು ಸುಳ್ಳು ಹೇಳುತ್ತವೆ. ಏಳೂ ವರದಿಗಳ ಕೊನೆಯ ಅಧ್ಯಾಯದಲ್ಲಿ ಯಂತ್ರ 'ಯಶಸ್ವಿಯಾಗಿ' ಕೆಲಸ ಮಾಡಿದೆ. ಏಳು ಯಂತ್ರಗಳೂ ಯಶಸ್ವಿಯಾಗಿದ್ದರೆ ನಮ್ಮ ಊರಿನಲ್ಲಿ ಮೆಟ್ಟುಗತ್ತಿ ಯಾಕೆ ಉಳಿಯಬೇಕಿತ್ತು? ಆದರೆ 2014ರ ವರದಿಯೊಂದರ ಬೆಲ್ಟ್ ಲೆಕ್ಕದ ಪುಟದಲ್ಲಿ, ಅಂಚಿನ ಖಾಲಿ ಜಾಗದಲ್ಲಿ, ಪೆನ್ಸಿಲಿನಿಂದ ಸಣ್ಣಗೆ ಬರೆದಿತ್ತು: 'ಹಸಿ ಅಡಿಕೆ ಹಾಕಿದರೆ ಬೆಲ್ಟ್ ಜಾರುತ್ತದೆ. ಮೋಟಾರಿನ ತಪ್ಪಲ್ಲ. ಸೆಂಟರ್ ದೂರ ಸಾಲದು, ಬೆಲ್ಟ್ ಎರಡು ಬೇಕು.'

ನಾವು ಆಗ ಅದೇ ತಪ್ಪಿನ ಹೊಸ್ತಿಲಲ್ಲಿದ್ದೆವು. ಒಂದು ಎಚ್‌ಪಿ ಮೋಟಾರು ನಿಮಿಷಕ್ಕೆ 1440 ಸುತ್ತಿನದು, ಸುಲಿಯುವ ಡ್ರಮ್ಮಿಗೆ 360 ಸುತ್ತು ಸಾಕು. ಹಾಗಾಗಿ 75 ಮಿಲಿಮೀಟರಿನ ಪುಲ್ಲಿಯಿಂದ (ಬೆಲ್ಟ್ ಸುತ್ತುವ ಚಕ್ರ) 300ರ ಪುಲ್ಲಿಗೆ ಬೆಲ್ಟ್. ಯಂತ್ರ ಚಿಕ್ಕದಾಗಿ ಕಾಣಲಿ ಎಂದು ಎರಡರ ಕೇಂದ್ರಗಳ ನಡುವೆ 300 ಮಿಲಿಮೀಟರು ಮಾತ್ರ ಬಿಟ್ಟಿದ್ದೆವು. ಆ ದಿನ ಅಲ್ಲೇ ಕುಳಿತು, ರಿಜಿಸ್ಟರಿನ ಪಕ್ಕದಲ್ಲಿದ್ದ ಹಳೆಯ ಹಾಜರಿ ಹಾಳೆಯ ಹಿಂಬದಿಯಲ್ಲಿ ಲೆಕ್ಕ ಹಾಕಿದೆ. ಚಿಕ್ಕ ಪುಲ್ಲಿಯನ್ನು ಬೆಲ್ಟ್ ತಬ್ಬಿಕೊಳ್ಳುವುದು ಬರೀ 136 ಡಿಗ್ರಿ. ತಬ್ಬುವುದು ಕಡಿಮೆಯಾದಷ್ಟೂ ಜಾರುವುದು ಹೆಚ್ಚು. ಕೇಂದ್ರಗಳನ್ನು 400ಕ್ಕೆ ಸರಿಸಿದರೆ 147. ಹನ್ನೊಂದು ಡಿಗ್ರಿಯಿಂದ ದೊಡ್ಡ ಲಾಭವಿಲ್ಲ, ಆದ್ದರಿಂದಲೇ ಆ ಪೆನ್ಸಿಲಿನ ಪುಣ್ಯಾತ್ಮ ಎರಡು ಬೆಲ್ಟ್ ಎಂದಿದ್ದು. ಚೌಕಟ್ಟಿಗೆ ವೆಲ್ಡಿಂಗ್ ಆಗಿರಲಿಲ್ಲ, ನಕ್ಷೆಯಲ್ಲಷ್ಟೇ ತಿದ್ದಿದರೆ ಮುಗಿಯಿತು. ಇಲ್ಲದಿದ್ದರೆ ಬೆಲ್ಟ್ ಜಾರಿದ ದಿನ ನಾವು ಮೋಟಾರನ್ನೇ ಬೈದು, ಎರಡು ಎಚ್‌ಪಿಯದನ್ನು ಕೊಳ್ಳಲು ಮನೆಗೆ ಫೋನು ಮಾಡುತ್ತಿದ್ದೆವು. ಶಾಫ್ಟನ್ನೂ ಗುಜರಿಯಿಂದ ತಂದವರು ನಾವು.

ಅಲ್ಲಿಂದ ಮುಂದೆ ಆ ಮೂಲೆ ನನ್ನದಾಯಿತು. ಮಧ್ಯಾಹ್ನದ ಲ್ಯಾಬ್ ಇಲ್ಲದ ಬುಧವಾರಗಳಲ್ಲಿ ಮೂರು ಗಂಟೆಗೆ ಹೋಗಿ, ಕಿಟಕಿಯ ಪಕ್ಕದ, ಒಂದು ಕಾಲು ಗಿಡ್ಡವಾದ ಮೇಜಿನ ಕೆಳಗೆ ಮಡಚಿದ ಡೇಟ್ ಸ್ಲಿಪ್ ಇಟ್ಟು, ಒಂದೊಂದೇ ವರದಿ ತೆಗೆಯುತ್ತಿದ್ದೆ. ಮೊದಲು ನೋಡುತ್ತಿದ್ದದ್ದು ವೆಚ್ಚದ ಪಟ್ಟಿಯನ್ನು. ಅಲ್ಲಿ ಜನ ಸುಳ್ಳು ಹೇಳಿದರೂ ಎರಡು ಬಾರಿ ಕೊಂಡ ವಸ್ತು ಎರಡು ಬಾರಿ ಕಾಣುತ್ತದೆ. ತಿರುಗುವ ಶಾಫ್ಟನ್ನು ಹಿಡಿದಿಡುವ 6205 ಬೇರಿಂಗನ್ನು ಎರಡು ಸಲ ಕೊಂಡಿದ್ದಾರೆ ಎಂದರೆ ಮೊದಲನೆಯದು ಹಾಳಾಗಿದೆ, ಅಂದರೆ ಶಾಫ್ಟು ಬಾಗಿದೆ, ಅಂದರೆ ಅವರ ಮೂರನೆಯ ಅಧ್ಯಾಯದ ಲೆಕ್ಕ ನಂಬುವಂತಿಲ್ಲ. ಪತ್ತೇದಾರಿ ಕಾದಂಬರಿ ಓದಿದಷ್ಟು ಸುಖ. ಅಲ್ಲಿನ ಅಟೆಂಡರ್ ಅಣ್ಣನಿಗೆ ಕುತೂಹಲ ತಡೆಯಲಾಗಲಿಲ್ಲ. 'ಏನಪ್ಪಾ, ಅದನ್ನು ಯಾರೂ ಮುಟ್ಟುವುದಿಲ್ಲ, ತಪಾಸಣೆಗೆ ಬಂದವರಿಗೆ ತೋರಿಸಲು ಇಟ್ಟಿರುವುದು' ಎಂದರು. ಆಮೇಲೆ ಅವರೇ ನನಗಾಗಿ ಟೇಬಲ್ ಫ್ಯಾನು ತಂದಿಟ್ಟರು. ಐದೂವರೆಗೆ ಎಲ್ಲ ದೀಪ ಆರಿಸಿ ಆ ಮೂಲೆಯದನ್ನು ಮಾತ್ರ ಕೊನೆಗೆ ಆರಿಸುತ್ತಿದ್ದರು.

ಈಗ ಐದಕ್ಕೆ ನಾಲ್ಕು ಕೊಡಲು ಪೆನ್ನು ಎತ್ತಿದ್ದೆ. ಅಷ್ಟರಲ್ಲಿ ನಮ್ಮ ವರದಿ ಒಪ್ಪಿಸುವ ದಿನ ಬಂತು. ಜಾಗವಿಲ್ಲವಂತೆ, ಆದ್ದರಿಂದ ಇತ್ತೀಚಿನ ವರ್ಷಗಳಿಂದ ಗ್ರಂಥಾಲಯ ಮುದ್ರಿತ ಪ್ರತಿ ತೆಗೆದುಕೊಳ್ಳುವುದಿಲ್ಲ, ಸಿಡಿ ಮಾತ್ರ. ಪೇಟೆಯಲ್ಲಿ ಸಿಡಿ ಬರೆದುಕೊಡುವ ಅಂಗಡಿಯೇ ಒಂದು ಉಳಿದಿದೆ, ನಮ್ಮ ಕಾಲೇಜಿನ ಕೃಪೆಯಿಂದ. ಸಿಡಿಯನ್ನು ರಟ್ಟಿನ ಪೆಟ್ಟಿಗೆಯೊಳಗೆ ಹಾಕಿ, ಪಟ್ಟಿಯಲ್ಲಿ ಸಂಖ್ಯೆ ಬರೆದರು. ಓದಲು ಯಂತ್ರ ಎಲ್ಲಿದೆ ಎಂದು ಕೇಳಿದೆ. ಜೀವವಿರುವ ಆ ನಾಲ್ಕು ಕಂಪ್ಯೂಟರುಗಳಲ್ಲಿ ಯಾವುದಕ್ಕೂ ಸಿಡಿ ಹಾಕುವ ಬಾಯಿ ಇಲ್ಲ. ಕಪ್ಪು ರೆಕ್ಸಿನ್ನಿನ ಸಾಲು 2018ಕ್ಕೆ ನಿಂತಿರುವುದು ಯಾಕೆಂದು ಆಗ ಅರ್ಥವಾಯಿತು.

ಐದಕ್ಕೆ ಮೂರು. ಅದರಲ್ಲಿ ಎರಡು ಆ ಒಂದು ರ‍್ಯಾಕಿಗೆ, ಒಂದು ಟೇಬಲ್ ಫ್ಯಾನಿಗೆ.

ಮುಂದಿನ ವರ್ಷ ಅಡಿಕೆ ಯಂತ್ರ ಮಾಡುವವರಿಗೆ: ಮೆಟ್ಟಿಲ ಕೆಳಗೆ, 631.3ರ ಹಿಂದೆ, 2014ರ ವರದಿ, ಬೆಲ್ಟ್ ಲೆಕ್ಕದ ಪುಟ. ಆ ಬರಹದ ಕೆಳಗೆ ಎಚ್‌ಬಿ ಪೆನ್ಸಿಲಿನಲ್ಲಿ ಇರುವುದು ನಮ್ಮದು: 'ಎರಡು ಬೆಲ್ಟ್, ಸೆಂಟರ್ 400. ಜಾರುವುದಿಲ್ಲ. ಆದರೆ ಹಸಿ ಸಿಪ್ಪೆಯ ನಾರು ಬ್ಲೇಡಿಗೆ ಸುತ್ತಿಕೊಂಡು ಹತ್ತು ನಿಮಿಷಕ್ಕೊಮ್ಮೆ ನಿಲ್ಲಿಸಬೇಕಾಗುತ್ತದೆ, ಇದಕ್ಕೆ ದಾರಿ ಸಿಗಲಿಲ್ಲ.' ನಮ್ಮ ಸಿಡಿಯಲ್ಲಿ ಮಾತ್ರ ಯಂತ್ರ ಯಶಸ್ವಿಯಾಗಿದೆ.